ಮಸ್ಕೆಗ್ ಯಾರ ಮಾತು

ಹ್ಯಾರಿಯೆಟ್ ಬಾಣಲೆಯಲ್ಲಿ ಬ್ಯಾನಕ್ ರೊಟ್ಟಿ ಕರಿಯುತ್ತಿದ್ದಳು. ಉತ್ತರದ ಹಿಮನಾಡಿನ ಆ ಊರಿನ ರೇಡಿಯೋದಲ್ಲಿ ಅವಳ ತಂಗಿಯ ಮಗ ಐಸಾಯ ಮಾತಾಡುತ್ತಿದ್ದ. "ಮಸ್ಕೆಗ್ ಅಂದ್ರೆ ಪಾಚಿ ತುಂಬಿದ ಜೌಗು ನೆಲ. ಇಂಗ್ಲಿಷ್ ಪದ. ಪ್ರಯೋಜನಕ್ಕೆ ಬಾರದ ಜಾಗಕ್ಕೆ ಹಾಗಂತಾರಂತೆ."

ಅವಳು ಒಲೆ ಆರಿಸಿ ಬೂಟು ಮೆಟ್ಟಿದಳು. ಮೊಮ್ಮಗುವನ್ನು ನೋಡಲು ದಕ್ಷಿಣದಿಂದ ಬಂದಿದ್ದ ಬೀಗಿತ್ತಿ, ಒಜಿಬ್ವೆ ಜನದ ಡೆಲಿಮಾ, ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

"ನಾನೂ ಬರ್ತೀನಿ. ಆ ಮಾತು ನಮ್ಮದು ಅಂತ ಹೇಳೋಕೆ ಒಬ್ಬರು ಬೇಕಲ್ಲ."

"ನಿಮ್ಮದಾ? ನಾವು ಕ್ರೀ ಜನ ಆಡೋ ಮಾತನ್ನ ನೀವು ಅಗಿದು ಮೆತ್ತಗೆ ಮಾಡಿದ್ರಿ, ಅಷ್ಟೇ."

"ನಡೀರಿ ಬೀಗ್ರೇ, ಅಲ್ಲೇ ತೀರ್ಮಾನ ಆಗ್ಲಿ."

ಇಬ್ಬರೂ ಹಿಮದ ಮೇಲೆ ಓಡುವ ಒಂದೇ ಸ್ನೋಮೊಬೈಲ್ ಏರಿ, ದಾರಿಯುದ್ದಕ್ಕೂ ಜಗಳವಾಡುತ್ತ, ಅಂಗಡಿಯ ಪಕ್ಕದ ರೇಡಿಯೋ ಕೋಣೆಗೆ ನುಗ್ಗಿದರು.

ಐಸಾಯ ಗಾಬರಿಯಾದ. "ದೊಡ್ಡಮ್ಮಾ, ನಾವಾಡೋದು ಊರಿಗೆಲ್ಲ ಕೇಳ್ತಾ ಇದೆ!"

"ಕೇಳ್ಲಿ ಅಂತಾನೇ ಬಂದೆ." ಹ್ಯಾರಿಯೆಟ್ ಮೈಕನ್ನು ತನ್ನತ್ತ ಎಳೆದುಕೊಂಡಳು. "ಅದು ಮಸ್ಕೇಕ್. ತುಪ್ಪಳ ಕೊಳ್ಳೋಕೆ ಬಂದ ಬಿಳಿಯರ ಹತ್ರ ಈ ನೆಲಕ್ಕೆ ಸರಿಯಾದ ಹೆಸರೇ ಇರ್ಲಿಲ್ಲ. ಸೊಂಟದ ತನಕ ಹೂತ್ಕೊಂಡು ನಿಂತು, ಇದೇನಪ್ಪಾ ಅಂತ ನಮ್ಮೋರನ್ನ ಕೇಳಿದ್ರು."

"ನಾವು ಮಶ್ಕೀಗ್ ಅಂತೀವಿ," ಡೆಲಿಮಾ ನಡುವೆ ಬಾಯಿ ಹಾಕಿದಳು. "ಹೂತೋರನ್ನ ಮೇಲಕ್ಕೆ ಎಳೆದೋರು ನಮ್ಮೋರು."

ಫೋನ್ ಹೊಡೆದುಕೊಂಡಿತು. ಯಾರೋ ಮುದುಕ ಕೂಗಿದ, "ಆ ಒಜಿಬ್ವೆ ಹೆಂಗಸನ್ನ ಆಚೆ ಕೂರಿಸ್ರೋ!"

"ಸುಮ್ನಿರಿ ಮಾವಾ, ಅವ್ರು ನನ್ನ ಬೀಗಿತ್ತಿ," ಎಂದು ಗದರಿಸಿ ಹ್ಯಾರಿಯೆಟ್ ಐಸಾಯನತ್ತ ತಿರುಗಿದಳು. "ನಮ್ಮ ಜನದ ಹೆಸರೇನೋ, ಮಗಾ?"

"ಮಸ್ಕೇಕೋವಿಯಿನಿವಕ್."

"ಬಿಡಿಸಿ ಹೇಳು."

ಐಸಾಯ ಅದನ್ನು ಮೆಲ್ಲಗೆ ತುಂಡು ತುಂಡಾಗಿ ಉಚ್ಚರಿಸಿದ. ಹುಟ್ಟಿದಾಗಿನಿಂದ ಆಡಿದ ಹೆಸರು ಅವನಿಗೆ ಈಗ ಬಿಡಿಬಿಡಿಯಾಗಿ ಕೇಳಿಸಿತು. "ಮಸ್ಕೇಕ್‌ನ... ಜನ."

"ಬಾತುಗಳು ಇಳಿಯೋದು ಅಲ್ಲಿ. ಕಿತ್ತಳೆ ಬಣ್ಣದ ಹಣ್ಣು ಆರಿಸೋದು ಅಲ್ಲಿ. ನಿಮ್ಮಮ್ಮನ ಕೆಮ್ಮಿಗೆ ಎಲೆ ತಂದಿದ್ದೂ ಅಲ್ಲಿಂದ. ಪ್ರಯೋಜನಕ್ಕೆ ಬಾರದ ಜಾಗ ಅಂದ್ಯಲ್ಲ, ಹಾಗಾದ್ರೆ ನಾವು ಯಾರು?"

ಅವನ ಕಿವಿ ಕೆಂಪಾಯಿತು. ಮೈಕಿಗೆ ಬಾಗಿ ಹೇಳಿದ, "ತಪ್ಪು ಹೇಳಿದ್ದೆ. ಆ ಮಾತು ನಮ್ಮದು. ಇಂಗ್ಲಿಷಿನೋರು ನಮ್ಮಿಂದ ತಗೊಂಡು ಇನ್ನೂ ವಾಪಸ್ ಕೊಟ್ಟಿಲ್ಲ."

ಡೆಲಿಮಾ ಬಿದ್ದು ಬಿದ್ದು ನಕ್ಕಳು. ಮತ್ತೆ ಫೋನ್ ಬಂತು, ಮತ್ತೆ ಮತ್ತೆ ಬಂತು. ಒಬ್ಬೊಬ್ಬರೂ ತಮ್ಮ ಮನೆಯವರು ಬೇಟೆಯಾಡುವ ಜೌಗಿನ ಹೆಸರು ಹೇಳತೊಡಗಿದರು. ಗದರಿಸಿಕೊಂಡ ಮುದುಕನೂ ಹೇಳಿದ.

ಹೊರಗೆ ಬಂದಾಗ ಡೆಲಿಮಾ ಹ್ಯಾರಿಯೆಟ್‌ಳ ತೋಳು ಹಿಡಿದಳು. "ಮಸ್ಕೇಕ್‌ನ ಜನ ಅನ್ನೋ ಹೆಸರು ನಿಮ್ಮದು, ಒಪ್ಕೊಂಡೆ. ಮಾತು ಮಾತ್ರ ಇಬ್ಬರದೂ."

ಹ್ಯಾರಿಯೆಟ್ ದೂರಕ್ಕೆ ನೋಡಿದಳು. ಊರಿನಾಚೆ, ಕುಳ್ಳ ಮರಗಳ ನಡುವೆ, ಹಿಮ ಹೊದ್ದ ಮಸ್ಕೇಕ್ ಕಣ್ಣು ಹೋದಷ್ಟು ದೂರ ಹರಡಿತ್ತು.

"ಇಬ್ಬರಿಗೂ ಸಾಕಾಗೋಷ್ಟಿದೆ, ಬನ್ನಿ," ಎಂದು ತಲೆ ಎತ್ತಿ ನಡೆದಳು.