ಅತ್ತೆ ಬೈಯದ ದಿನ

ಆ ಮನೆಗಾಡಿ ನಮ್ಮ ಅಂಗಳಕ್ಕೆ ಬಂದಾಗ ಅದಕ್ಕೆ ಇಪ್ಪತ್ತೊಂಬತ್ತು ವರ್ಷ. ಒಳಗೆ ಎರಡು ಮಂಚ, ಒಂದು ಒಲೆ, ಮಡಚುವ ಮೇಜು, ಪುಟ್ಟ ಬೀರು ಎಲ್ಲ ಇದ್ದವು. ಎಂಜಿನ್ನು ಮಾತ್ರ ಸತ್ತಿತ್ತು. ನಮ್ಮವರು ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಕಬ್ಬಿಣದ ತುಂಡೊಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೆರಳಲ್ಲಿ ಸವರಿಯೇ ಹೇಳುತ್ತಿದ್ದರು. ಅಪಘಾತದಲ್ಲಿ ನುಜ್ಜುಗುಜ್ಜಾದ ವ್ಯಾನೊಂದರ ಎಂಜಿನ್ನನ್ನು ಗುಜರಿಯಿಂದ ತಂದು, ಬೇಸಿಗೆಯೆಲ್ಲ ಅದರ ಜೊತೆಯೇ ಸಂಸಾರ ಮಾಡಿದರು. ಊಟಕ್ಕೆ ಕರೆದರೆ ಗಾಡಿಯ ಕೆಳಗಿನಿಂದ ಎರಡು ಪಾದ ಅಲ್ಲಾಡುತ್ತಿದ್ದವು, ಅಷ್ಟೇ.

ಅತ್ತೆಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. ಎಂಬತ್ತೊಂದರ ಅತ್ತೆಗೆ ಅಸಲು ಯಾವುದು ಕಂಡರೂ ಆಗುತ್ತಿರಲಿಲ್ಲ, ಆ ಮಾತು ಬೇರೆ. "ಹೊಸ ಹಲ್ಲು ಕಟ್ಟಿಸಿಕೊಂಡ ಮಾತ್ರಕ್ಕೆ ಮುದುಕಿ ಮದುವಣಗಿತ್ತಿ ಆಗ್ತಾಳೇನೋ?" ಎಂದು ಮಗನನ್ನು ಕಿಟಕಿಯಿಂದಲೇ ತಿವಿಯುತ್ತಿದ್ದರು.

ಆದರೆ ಬೆಟ್ಟದಾಚೆ ಸಮುದ್ರದ ಊರಿನಲ್ಲಿದ್ದ ಅವರ ಅಕ್ಕನಿಂದ ಫೋನು ಬಂತು. ನಮ್ಮವರಿಗೆ ದೊಡ್ಡಮ್ಮ, ತೊಂಬತ್ತು ದಾಟಿದ ಜೀವ. "ಒಂದು ಸಲ ಮುಖ ತೋರಿಸಿ ಹೋಗೇ" ಎಂದರಂತೆ. ಅತ್ತೆಗೆ ಬೆನ್ನು ನೆಟ್ಟಗೆ ಮಾಡಿ ಎರಡು ದಿನ ಕೂರಲು ಆಗುವುದಿಲ್ಲ, ಮಲಗಿಕೊಂಡೇ ಹೋಗಬೇಕು. ಜೊತೆಗೆ ಹಿಮ ಬಿದ್ದರೆ ಬೆಟ್ಟದ ದಾರಿ ಮುಚ್ಚಿಬಿಡುತ್ತದೆ. ಉಳಿದಿದ್ದು ಹತ್ತೇ ದಿನ.

ಹೊರಡುವ ಹಿಂದಿನ ದಿನ ನಾನು ನಮ್ಮವರನ್ನು ಹುಡುಕಿಕೊಂಡು ಅಂಗಳಕ್ಕೆ ಹೋದೆ. ಅವರು ಸೈಲೆನ್ಸರ್ ಪೈಪಿನ ತುಂಡೊಂದನ್ನು ಹಿಡಿದು ನಿಂತಿದ್ದರು. ಹಳೆಯ ಪೈಪು ತುಕ್ಕು ಹಿಡಿದು ಕೈಯಲ್ಲೇ ಪುಡಿಯಾಗಿತ್ತು. ಹೊಸ ಎಂಜಿನ್ನಿಗೆ ಹೊಂದುವ ಉದ್ದನೆಯ ಪೈಪು ಬಗ್ಗಿಸಿಕೊಡಲು ಅಂಗಡಿಯವನು ಎರಡು ವಾರ ಕೇಳಿದ್ದ.

"ಹಿಂದಿನವರೆಗೂ ಬರಲ್ಲ. ನಡುವೆಯೇ ನಿಲ್ಲುತ್ತೆ," ಎಂದರು.

"ಪರವಾಗಿಲ್ವಾ ರೀ?"

"ಸದ್ಯಕ್ಕೆ ಸಾಕು. ಬಂದ ಮೇಲೆ ಉದ್ದ ಮಾಡ್ತೀನಿ."

ಮದುವೆಯಾಗಿ ಮೂವತ್ತು ವರ್ಷದಲ್ಲಿ 'ಸದ್ಯಕ್ಕೆ' ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆದರೆ ನನಗೆ ನನ್ನದೇ ಕೆಲಸವಿತ್ತು. ನಾನು ದರ್ಜಿ. ಗಾಡಿಯ ಕಿಟಕಿಗಳಿಗೆ ದಪ್ಪ ಉಣ್ಣೆಯ ಪರದೆ ಹೊಲಿದಿದ್ದೆ. ಅತ್ತೆಗೆ ಚಳಿ ತಾಕಬಾರದೆಂದು ಕಿಟಕಿ ಚೌಕಟ್ಟಿನ ಸಂದುಸಂದಿಗೂ ಉಣ್ಣೆಬಟ್ಟೆಯ ಪಟ್ಟಿ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದೆ. ಒಂದು ಸೊಳ್ಳೆಯ ಉಸಿರೂ ಒಳಗೆ ಬರದ ಹಾಗೆ. ಅತ್ತೆಯ ಮಂಚದ ಕೆಳಗೆ, ಹಿಂದೆ ನೀರಿನ ಕೊಳಾಯಿ ಹಾದುಹೋಗುತ್ತಿದ್ದ ಜಾಗದಲ್ಲಿ, ಮುಷ್ಟಿಯಗಲದ ತೂತಿತ್ತು. ಅದನ್ನು ಮಾತ್ರ ಯಾರೂ ಬಗ್ಗಿ ನೋಡಲಿಲ್ಲ.

ಮೊದಲ ದಿನ ಎಂಜಿನ್ನು ಹೇಳಿದ ಮಾತು ಕೇಳಿತು. ನಮ್ಮವರು ಕಿಟಕಿಯಾಚೆ ಮೊಣಕೈ ಇಟ್ಟು ಸಿಳ್ಳೆ ಹೊಡೆಯುತ್ತ ಓಡಿಸಿದರು. ಹಿಂದೆ ನಾನೂ ಅತ್ತೆಯೂ ಇದ್ದೆವು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆಯೇ ಇಲ್ಲವಲ್ಲೇ, ಕಾಲು ಎಲ್ಲಿ ಚಾಚಲಿ?" ಎಂದು ಅತ್ತೆ ಶುರುಮಾಡಿದವರು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ. ಆಮೇಲೆ ತಲೆನೋವೆಂದರು. ನನ್ನ ತಲೆಯೂ ಸಿಡಿಯುತ್ತಿತ್ತು.

"ಏನೋ ವಾಸನೆ ರೀ," ಎಂದು ಕೂಗಿದೆ.

"ಎಂಜಿನ್ನಿಗೆ ಬಣ್ಣ ಬಳಿದಿದ್ದೆನಲ್ಲ, ಅದು ಸುಡ್ತಿದೆ. ಎರಡು ದಿನದಲ್ಲಿ ಹೋಗುತ್ತೆ."

ಸಂಜೆ ಗಾಡಿ ನಿಲ್ಲಿಸಿ ಕೆಳಗಿಳಿದೆವು. ತಣ್ಣನೆಯ ಗಾಳಿಗೆ ಇಬ್ಬರ ತಲೆನೋವೂ ಅರ್ಧ ಗಂಟೆಯಲ್ಲಿ ಇಳಿಯಿತು. ಗಾಡಿಯ ಓಲಾಟ ಆಗಿಬರಲಿಲ್ಲ ಅಂದುಕೊಂಡೆ. ಅಲ್ಲಿ ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ.

ಎರಡನೆಯ ದಿನ ಬೆಟ್ಟ ಹತ್ತತೊಡಗಿದೆವು. ಚಳಿ ಹೆಚ್ಚಾಯಿತು. ನಾನು ಪರದೆಗಳನ್ನೆಲ್ಲ ಎಳೆದೆ. ಬೆಳಿಗ್ಗೆ ಅತ್ತೆ ಒಂದು ಸಲ ವಾಂತಿ ಮಾಡಿಕೊಂಡು ಮಲಗಿದರು. ಹಗಲು ನಿದ್ದೆ ಮಾಡುವವರನ್ನು ಸೋಮಾರಿಗಳೆಂದು ಜರಿಯುತ್ತಿದ್ದ ಹೆಂಗಸು ಹತ್ತು ಗಂಟೆಗೆ ಕಣ್ಣು ಮುಚ್ಚಿದರು. ಹನ್ನೆರಡಕ್ಕೆ ಎಬ್ಬಿಸಿ ಸೂಪು ಕುಡಿಸಿದೆ. ಉಪ್ಪು ಹಾಕುವುದನ್ನು ಮರೆತಿದ್ದೆ. ಅತ್ತೆ ಒಂದು ಮಾತೂ ಆಡದೆ ಕುಡಿದು ಮತ್ತೆ ಮಲಗಿದರು.

ಪೆಟ್ರೋಲ್ ಹಾಕಿಸಲು ನಿಂತಾಗ ನಮ್ಮವರು ಹಿಂದೆ ಇಣುಕಿದರು. "ನೋಡು, ಅಮ್ಮನ ಕೆನ್ನೆ ಎಷ್ಟು ಕೆಂಪಗಿದೆ! ಬೆಟ್ಟದ ಹವೆ ಒಗ್ಗಿದೆ."

ನಿಜವೇ. ಅತ್ತೆಯ ಮುಖ ಎಳೆ ಹುಡುಗಿಯ ಮುಖದಂತೆ ರಂಗೇರಿತ್ತು. ನಾನು ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮೂವತ್ತು ವರ್ಷಕ್ಕೆ ಒಂದು ದಿನವಾದರೂ ಬೈಗುಳವಿಲ್ಲದೆ ಕಳೆಯಿತಲ್ಲ ಅಂತ. ಆ ಕೈಮುಗಿದದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಕಿರಿದಾದ ಸೇತುವೆಯೊಂದರ ಮುಂದೆ ವಾಹನಗಳೆಲ್ಲ ಸಾಲುಗಟ್ಟಿ ನಿಂತವು. ಮೇಲೆ ಕಲ್ಲು ಜರಿದಿತ್ತಂತೆ. ಎಡಕ್ಕೆ ಬಂಡೆಯ ಗೋಡೆ, ಬಲಕ್ಕೆ ಲಾರಿ. ಹಿಮ ಉದುರತೊಡಗಿತ್ತು. "ಎಂಜಿನ್ನು ಆರಿಸಿದರೆ ಹೀಟರ್ ನಿಲ್ಲುತ್ತೆ, ಅಮ್ಮನಿಗೆ ಚಳಿಯಾಗುತ್ತೆ," ಎಂದು ನಮ್ಮವರು ಎಂಜಿನ್ನನ್ನು ಹಾಗೇ ಬಿಟ್ಟರು. ತಮ್ಮ ಕಿಟಕಿಯನ್ನು ಒಂದು ಗೇಣು ಇಳಿಸಿ, ಲಾರಿಯವನ ಜೊತೆ ಮಾತಿಗಿಳಿದರು.

ನಾನು ಹೊತ್ತು ಕಳೆಯಲು ಅತ್ತೆಯ ರವಿಕೆಗೆ ಗುಂಡಿ ಹಾಕಲು ಕೂತೆ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಬಾಯಲ್ಲಿ ತುದಿ ನೆನೆಸಿ ಮತ್ತೆ ಪ್ರಯತ್ನಿಸಿದೆ. ಹೋಗಲಿಲ್ಲ. ಸೂಜಿ ಎರಡಾಗಿ ಕಾಣುತ್ತಿತ್ತು. ಕತ್ತಲಲ್ಲೂ ದಾರ ಪೋಣಿಸುವ ಕೈ ಇದು. ಬೆರಳುಗಳು ಯಾರದೋ ಬೆರಳುಗಳ ಹಾಗೆ ತೊಡೆಯ ಮೇಲೆ ಬಿದ್ದಿದ್ದವು. ಆಗ ಅತ್ತೆಯ ಮಂಚದ ಕಡೆ ತಿರುಗಿದೆ.

"ಅತ್ತೆ," ಎಂದೆ.

ಅತ್ತೆಯ ಬಾಯಿ ಸ್ವಲ್ಪ ತೆರೆದಿತ್ತು. ಭುಜ ಹಿಡಿದು ಅಲ್ಲಾಡಿಸಿದೆ. ತಲೆ ಅತ್ತ ಹೊರಳಿತು, ಅಷ್ಟೇ. ಎದ್ದು ನಿಲ್ಲಲು ಹೋದೆ, ಕಾಲು ನಿಲ್ಲಲಿಲ್ಲ. "ರೀ" ಎಂದು ಕೂಗಿದೆ. ಕೂಗಿದೆ ಅಂದುಕೊಂಡೆ, ಗಂಟಲಿನಿಂದ ಬಂದದ್ದು ಗಾಳಿ ಮಾತ್ರ. ಮುಂದುಗಡೆ ನಮ್ಮವರು ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಮೊಣಕಾಲಲ್ಲಿ ತೆವಳಿ ಕಿಟಕಿಯ ಚಿಲಕ ಹಿಡಿದೆ. ಚಿಲಕ ಬಿಚ್ಚಿತು, ಕಿಟಕಿ ಕದಲಲಿಲ್ಲ. ನಾನೇ ಅಂಟಿಸಿದ ಪಟ್ಟಿ ಭದ್ರವಾಗಿ ಹಿಡಿದಿತ್ತು. ನನ್ನ ಕೆಲಸ ಯಾವತ್ತೂ ಬಿಚ್ಚಿಕೊಂಡದ್ದಿಲ್ಲ. ಬಟ್ಟೆ ಕತ್ತರಿಸುವ ಕಬ್ಬಿಣದ ಕತ್ತರಿ ಕೈಗೆ ಸಿಕ್ಕಿತು. ಎರಡೂ ಕೈಯಿಂದ ಹಿಡಿದು ಗಾಜಿಗೆ ಹೊಡೆದೆ. ಮೊದಲ ಏಟಿಗೆ ಬಿರುಕು, ಮೂರನೆಯದಕ್ಕೆ ಗಾಜು ಸುರಿಯಿತು. ಹಿಮದ ಗಾಳಿ ಮುಖಕ್ಕೆ ಬಡಿಯಿತು.

ಆ ಸದ್ದಿಗೆ ನಮ್ಮವರು ಓಡಿಬಂದರು. ಲಾರಿಯವನೂ ಅವರೂ ಸೇರಿ ಅತ್ತೆಯನ್ನು ಕಂಬಳಿಯಲ್ಲೇ ಎತ್ತಿ ಹೊರಗೆ ತಂದರು. ಲಾರಿಯವನು ಬಗ್ಗಿ ಗಾಡಿಯ ಕೆಳಗೆ ನೋಡಿ, "ಯಾರು ಸ್ವಾಮಿ ಈ ಪೈಪು ಕಟ್ಟಿದ್ದು? ಹೊಗೆಯೆಲ್ಲ ಒಳಗೇ ಹೋಗ್ತಿದೆಯಲ್ಲ!" ಎಂದ. ನಮ್ಮವರು ಹಿಮದಲ್ಲಿ ಮಂಡಿಯೂರಿ ತಾಯಿಯ ಪಾದ ಉಜ್ಜುತ್ತಲೇ ಇದ್ದರು.

ಅತ್ತೆ ಬೆಟ್ಟದಾಚೆಯ ಊರೊಂದರ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ಉಸಿರು ಉಳಿಯಿತು. "ಹೊಗೆಯ ವಿಷ ಮೆದುಳಿಗೆ ಏರಿದೆ. ಕೆನ್ನೆ ಕೆಂಪೇರಿದ್ದೂ ಅದರಿಂದಲೇ. ಎಷ್ಟು ವಾಪಸು ಬರುತ್ತೋ ಹೇಳೋಕಾಗಲ್ಲ," ಎಂದರು ಡಾಕ್ಟರು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ನಮ್ಮವರು ನನ್ನ ಮುಖ ನೋಡದೆ ಹೇಳಿದರು: "ಅಂಗಡಿಯವನು ಹೇಳಿದ್ದ ಕಣೇ. ಪೈಪು ಹಿಂದಿನವರೆಗೂ ಹೋಗಲೇಬೇಕು, ಇಲ್ಲದಿದ್ರೆ ಹೊರಡಬೇಡಿ ಅಂತ. ನನಗೆ ಗೊತ್ತಿತ್ತು."

ನಾನು ಉಣ್ಣೆಯ ಪಟ್ಟಿಗಳ ಮಾತೆತ್ತಿದೆ. ಇಬ್ಬರೂ ತಪ್ಪನ್ನು ತಮ್ಮತಮ್ಮ ಕಡೆಗೇ ಎಳೆದುಕೊಂಡೆವು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಅಲ್ಲಿಯ ಗ್ಯಾರೇಜಿನಲ್ಲಿ ಪೈಪು ಹಿಂದಿನವರೆಗೂ ಬಂತು, ತೂತು ಮುಚ್ಚಿತು, ಹೊಸ ಗಾಜು ಕೂತಿತು. ನಾನು ಎಲ್ಲ ಪಟ್ಟಿಗಳನ್ನೂ ಉಗುರಿನಿಂದ ಕಿತ್ತೆ. ಆದರೂ ಮತ್ತೆ ಆ ಗಾಡಿ ಹತ್ತುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. ಆದರೆ ಹಿಂದಿನ ದಾರಿ ಹಿಮದಲ್ಲಿ ಮುಚ್ಚಿತ್ತು. ಮುಂದೆ ದೊಡ್ಡಮ್ಮನ ಮನೆಗೆ ಮೂರೇ ಗಂಟೆ. ಅತ್ತೆ ಮಾತ್ರ ಬಾಗಿಲು ತೆರೆದದ್ದೇ ತಡ, ತಾವಾಗಿ ಹತ್ತಿ ಆ ಮಂಚದ ಮೇಲೆ ಕೂತು ಹಾಸಿಗೆ ಸವರಿದರು.

ಕಿಟಕಿಗಳನ್ನೆಲ್ಲ ತೆರೆದಿಟ್ಟು ನಡುಗುತ್ತ ಹೋದೆವು. ಅತ್ತೆ ಕಣ್ಣು ಮುಚ್ಚಿದರೆ ನನ್ನ ಜೀವ ಹೋಗುತ್ತಿತ್ತು. "ಅತ್ತೆ, ಹೊರಗೆ ಏನು ಕಾಣ್ತಿದೆ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದೆ. ಅತ್ತೆ ಕಿಟಕಿಯತ್ತ ತಿರುಗುತ್ತಿದ್ದರು. ಆಮೇಲೆ "ಮರ" ಎನ್ನುತ್ತಿದ್ದರು. ಮರವಿಲ್ಲದ ಕಡೆಯಲ್ಲೂ ಮರವೇ. ಪ್ರತಿ ಸಲವೂ ಮುಂದಿನಿಂದ ನಮ್ಮವರು "ಏನಂದ್ರು? ಏನಂದ್ರು?" ಎನ್ನುತ್ತಿದ್ದರು.

ದೊಡ್ಡಮ್ಮ ಊರುಗೋಲು ಹಿಡಿದು ಬಾಗಿಲಿಗೇ ಬಂದಿದ್ದರು. ಅತ್ತೆ ಅವರನ್ನು ಕಂಡವರೇ "ಅಕ್ಕಾ" ಎಂದು ಕೈ ಚಾಚಿದರು. ಒಂದು ಚೂರೂ ತಡವರಿಸಲಿಲ್ಲ. ಹತ್ತೊಂಬತ್ತು ದಿನದಲ್ಲಿ ಅತ್ತೆ ಗುರುತು ಹಿಡಿದ ಮೊದಲ ಮುಖ ಅದು. ನಮ್ಮವರ ಕಣ್ಣು ತುಂಬಿತು. "ಅಮ್ಮನಿಗೆ ನೆನಪು ಬರ್ತಿದೆ" ಎಂದು ನನ್ನ ಕೈ ಅದುಮಿದರು.

ಅತ್ತೆ ಅಕ್ಕನ ಕಿವಿಯ ಹತ್ತಿರ ಬಾಗಿದರು. ಆದರೂ ಮಾತು ನಮಗೆಲ್ಲ ಕೇಳಿಸಿತು. "ಈ ಗಂಡ ಹೆಂಡತಿ ಯಾರೋ ತುಂಬಾ ಒಳ್ಳೆಯವರು ಕಣೇ. ದಾರಿಯುದ್ದಕ್ಕೂ ನನ್ನನ್ನ ನೋಡಿಕೊಂಡರು. ಅವರಿಗೆ ಕೂತುಕೊಳ್ಳೋಕೆ ಹೇಳು."

ನಮ್ಮವರು ಚೀಲ ಹಿಡಿದು ಹೊಸ್ತಿಲಲ್ಲೇ ನಿಂತರು. ದೊಡ್ಡಮ್ಮ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. "ಬನ್ನಿ, ಕೂತ್ಕೊಳ್ಳಿ," ಎಂದು ಅತ್ತೆಯೇ ಕೈ ಮಾಡಿ ಕುರ್ಚಿ ತೋರಿಸಿದರು. ನಾವು ಒಳಗೆ ಹೋಗಿ ನೆಂಟರ ಹಾಗೆ ಕೂತೆವು.