ಹದಿನಾಲ್ಕನೇ ತಟ್ಟೆ

ಲ್ಯಾಬಿನ ತಂತ್ರಜ್ಞ ಟ್ರೇಯಿಂದ ಗಾಜಿನ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಒಂದನ್ನು ಮಾತ್ರ ಸಾಲಿಗೆ ಸೇರಿಸದೆ ಮೂಲೆಗಿಟ್ಟು, “ಇದರ ಮುಚ್ಚಳ ಯಾರೂ ಮುಟ್ಬೇಡಿ” ಎಂದ.

ಇಪ್ಪತ್ತೆರಡು ಹುಡುಗಿಯರು ಕತ್ತು ಉದ್ದ ಮಾಡಿದರು. ನರ್ಸಿಂಗ್ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಪಾಠ ಮಾಡುತ್ತಿದ್ದ ಮೇಡಂ, ಸೋಮವಾರ ಅವರೆಲ್ಲರ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ಮಾದರಿ ತೆಗೆದಿದ್ದರು. ಆ್ಯಂಟಿಬಯಾಟಿಕ್ಕನ್ನು ಬೇಕಾಬಿಟ್ಟಿ ನುಂಗಿದರೆ ಏನಾಗುತ್ತದೆಂದು ಬೋರ್ಡಿನ ಮೇಲೆ ಎಷ್ಟು ಬರೆದರೂ ಈ ಮಕ್ಕಳ ತಲೆಗೆ ಇಳಿಯುವುದಿಲ್ಲ, ಕಣ್ಣಾರೆ ನೋಡಲಿ ಎಂಬುದು ಅವರ ಯೋಚನೆ. ಹೆಸರು ಬೇಡವೆಂದು ಚೀಟಿ ಎತ್ತಿಸಿ ನಂಬರು ಕೊಟ್ಟಿದ್ದರು. ಹುಡುಗಿಯರು ಹಿಂದೆಮುಂದೆ ನೋಡಿದಾಗ, “ನನ್ನ ಮೂಗೇನು ಬಂಗಾರದ್ದಾ?” ಎಂದು ತಾವೂ ಒಂದು ಚೀಟಿ ಎತ್ತಿದ್ದರು.

ಪ್ರತಿ ತಟ್ಟೆಯಲ್ಲೂ ಬೆಳೆದ ಕ್ರಿಮಿಗಳ ನಡುವೆ ಔಷಧಿಯ ಪುಟ್ಟ ಬಿಳಿ ಬಿಲ್ಲೆಗಳಿದ್ದವು. ಔಷಧಿಗೆ ಕ್ರಿಮಿ ಸತ್ತರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಬೀಳುತ್ತದೆ. ಮೂಲೆಯ ತಟ್ಟೆಯಲ್ಲಿ ಮಾತ್ರ ಉಂಗುರಗಳೇ ಇಲ್ಲ. ಕ್ರಿಮಿ ಬಿಲ್ಲೆಗಳ ಅಂಚಿಗೇ ಒತ್ತಿಕೊಂಡು ಬೆಳೆದಿತ್ತು.

“ಆಸ್ಪತ್ರೇಲಿ ಓಡಾಡೋರ ಮೂಗಲ್ಲಿ ಇದು ಸಿಗುತ್ತೆ. ಸುಮ್ನೆ ಕೂತಿರುತ್ತೆ, ಅವರಿಗೇನೂ ಮಾಡಲ್ಲ” ಎಂದ ತಂತ್ರಜ್ಞ. “ಗಾಯಕ್ಕೋ ಹಸುಗೂಸಿಗೋ ತಗುಲಿದ್ರೆ ಮಾತ್ರ ಕಷ್ಟ.”

ಮೇಡಂ ತಟ್ಟೆಯ ಮೇಲಿನ ಪಟ್ಟಿಯನ್ನು ಓದಿದರು. ಹದಿನಾಲ್ಕು. ಕೋಟಿನ ಜೇಬಿನಲ್ಲಿದ್ದ ಚೀಟಿಯನ್ನು ತೆಗೆದು ನೋಡುವ ಅಗತ್ಯವಿರಲಿಲ್ಲ.

ಮನೆಯಲ್ಲಿ ಮಗಳ ಮಗುವಿಗೆ ಹನ್ನೆರಡು ದಿನ. ಹೊಕ್ಕುಳಬಳ್ಳಿ ಉದುರಿ ಇನ್ನೂ ಎರಡು ದಿನವಾಗಿತ್ತಷ್ಟೆ. ಬೆಳಿಗ್ಗೆ ಸ್ನಾನ ಮಾಡಿಸಿ, ಅವನ ಹೊಟ್ಟೆಗೆ ಮೂಗು ಒತ್ತಿ ಮುದ್ದಾಡಿ ಬಂದಿದ್ದರು.

“ಯಾರೇ ಹದಿನಾಲ್ಕು?” ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಚೀಟಿಗಳು ಹೊರಬಂದವು. “ನಂದಲ್ಲಪ್ಪ”, “ನಂದೂ ಅಲ್ಲ.” ಗುಬ್ಬಚ್ಚಿ ಎಂದು ಎಲ್ಲರೂ ಕರೆಯುತ್ತಿದ್ದ ಸಣ್ಣ ಹುಡುಗಿ ಮಾತ್ರ ಬರಿಗೈಯಲ್ಲಿ ನಿಂತಿದ್ದಳು.

“ನನ್ನ ಚೀಟಿ ಬಟ್ಟೆ ಜೊತೆ ಒಗೆದುಹೋಯ್ತು ಮೇಡಂ. ನಂಬರು ನೆನಪಿಲ್ಲ.” ಅವಳು ಖಾಲಿ ಜೇಬನ್ನು ಮತ್ತೆ ತಡಕಿದಳು. “ನಾನು ಈ ವಾರ ಪೂರ್ತಿ ಎಳೆಮಕ್ಕಳ ವಾರ್ಡಲ್ಲಿದೀನಿ. ಎಷ್ಟೊಂದು ಮಕ್ಕಳನ್ನ ಎತ್ಕೊಂಡಿದೀನಿ...”

ಪಕ್ಕದವಳು ತನ್ನ ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡಳು. ಇನ್ನೊಬ್ಬಳು ಬೆಂಚಿನ ತುದಿಗೆ ಸರಿದಳು. ಮೇಡಂ ನೋಡುತ್ತಲೇ ನಿಂತರು. ಬಾಯಿ ಬಿಡದಿದ್ದರೆ ಗಂಟೆ ಹೊಡೆಯುತ್ತದೆ, ತಟ್ಟೆಗಳು ಲ್ಯಾಬಿಗೆ ಹೋಗುತ್ತವೆ, ಹದಿನಾಲ್ಕು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ತಮಗೆ ಬಂತಲ್ಲ ಎಂದು ಅವರಿಗೇ ನಾಚಿಕೆಯಾಯಿತು. ಗುಬ್ಬಚ್ಚಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

“ಅಳ್ಬೇಡ ಕಣೇ. ಹದಿನಾಲ್ಕು ನಂದು.”

ಮೇಡಂ ಜೇಬಿನ ಚೀಟಿಯನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಕಾರಿಡಾರಿಗೆ ಹೋಗಿ ಮಗಳಿಗೆ ಫೋನು ಮಾಡಿದರು.

“ಮಗು ಹೇಗಿದೆ?”

“ಚೆನ್ನಾಗಿದಾನೆ. ಹೊಕ್ಕುಳ ಸುತ್ತ ಸ್ವಲ್ಪ ಕೆಂಪಾಗಿದೆ ಅಷ್ಟೆ. ನಿನ್ನ ಬೀರುವಲ್ಲಿ ಆ್ಯಂಟಿಬಯಾಟಿಕ್ ಮಾತ್ರೆ ಮಿಕ್ಕಿದೆಯಲ್ಲಮ್ಮ, ಒಂದನ್ನ ಪುಡಿ ಮಾಡಿ ಉದುರಿಸ್ತಿದೀನಿ, ತಾಳು.”

“ಏನು?”

“ನಾನು ಮಂಡಿ ತರಚ್ಕೊಂಡು ಬಂದಾಗೆಲ್ಲ ನೀನು ಹಾಗೇ ಮಾಡ್ತಿದ್ಯಲ್ಲ.”

ನಿಜ. ಗಂಟಲು ಕೆರೆದರೆ ಎರಡು, ಹಲ್ಲು ನೋವು ಬಂದರೆ ಮೂರು. ಕ್ಲಾಸಿನಲ್ಲಿ ಬೈಯುತ್ತಿದ್ದ ತಪ್ಪೆಲ್ಲ ಅವರ ಬೀರುವಿನಲ್ಲೇ ಇತ್ತು. “ಮುಟ್ಬೇಡ!” ಎಂದು ಅವರು ಕಿರುಚಿದ್ದಕ್ಕೆ ಕಾರಿಡಾರಿನ ಆ ತುದಿಯವರೂ ತಿರುಗಿ ನೋಡಿದರು. “ಅದನ್ನ ಕೆಳಗಿಡು. ಈಗಲೇ ಮಗುನ ಎತ್ಕೊಂಡು ಇಲ್ಲಿ ಆಸ್ಪತ್ರೆಗೆ ಬಾ.”

ಆಸ್ಪತ್ರೆಯ ಬಾಗಿಲಲ್ಲಿ ಕಾರಿನಿಂದ ಇಳಿಯಲು ಮಗಳು ಮಗುವನ್ನು ಚಾಚಿದಾಗ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಹೇಳದೆ ಕೇಳದೆ ಅವರ ಹಿಂದೆಯೇ ಬಂದಿದ್ದ ಗುಬ್ಬಚ್ಚಿ, ಅಳು ಇನ್ನೂ ಆರದ ಮುಖದಲ್ಲೇ ಮುಂದೆ ಬಂದು ಮಗುವನ್ನು ಎತ್ತಿಕೊಂಡಳು. “ನನ್ನಿಂದ ತಗುಲಿರಬಹುದು” ಎಂದು ಮೇಡಂ ಮಗಳಿಗೆ ತಟ್ಟೆಯ ವಿಷಯ ಹೇಳಿದರು. ಮಗಳು ಗುಬ್ಬಚ್ಚಿಯಿಂದ ಮಗುವನ್ನು ತೆಗೆದುಕೊಂಡು, ತಾಯಿ ನಿಂತಿದ್ದ ಕಡೆ ಬಿಟ್ಟು ಆಚೆಯ ಹೆಗಲಿಗೆ ಹಾಕಿಕೊಂಡಳು.

ಮಕ್ಕಳ ಡಾಕ್ಟರು ಪರೀಕ್ಷಿಸಿದರು. “ಮೇಲೆ ಮೇಲೆ ಕೆಂಪು ಅಷ್ಟೆ. ಜ್ವರ ಇಲ್ಲ, ಹಾಲು ಕುಡೀತಿದಾನೆ. ಹೊಕ್ಕುಳಿನ ಮಾದರಿ ಲ್ಯಾಬಿಗೆ ಕಳಿಸೋಣ. ಎರಡು ದಿನ ಇಲ್ಲೇ ಇರಲಿ.”

“ಇಂಜೆಕ್ಷನ್?” ಎಂದರು ಮೇಡಂ.

“ಈಗ ಬೇಡ. ಒಂಚೂರು ಏರಿದ್ರೂ ತಕ್ಷಣ ಶುರು ಮಾಡ್ತೀನಿ. ನಿಮಗೆ ನಾನು ಹೇಳ್ಬೇಕಾ?”

ಬೇಕಿರಲಿಲ್ಲ. ಕಾರಣವಿಲ್ಲದೆ ಕೊಡಬೇಡಿ, ಕಾದು ನೋಡಿ ಎಂದು ಅವರು ಒಂದೇ ಸಾಲಿನಲ್ಲಿ ಎಷ್ಟೋ ಬ್ಯಾಚಿಗೆ ಬರೆಸಿದ್ದರು. ಆ ಸಾಲು ಎರಡು ದಿನ ಉದ್ದವಿತ್ತು. ತಮ್ಮ ಮೂಗಿಗೆ ಮುಲಾಮು ಹಚ್ಚಿ, ಮಾಸ್ಕ್ ಕಟ್ಟಿ, ವಾರ್ಡಿನ ಗಾಜಿನಾಚೆ ನಿಂತು ಮಗುವಿನ ಉಸಿರು ಎಣಿಸಿದರು. ನಿಮಿಷಕ್ಕೆ ಅರವತ್ತು ದಾಟಿತೆಂದು ನರ್ಸನ್ನು ಕೂಗಿದರು. ಅವಳು ಬಂದು ಎಣಿಸಿ ನಲವತ್ತೆರಡು ಎಂದಳು. ಮಗು ಹಾಲು ಕುಡಿಯದೆ ನಿದ್ದೆಹೋದಾಗ ಮತ್ತೆ ನರ್ಸನ್ನು ಕರೆದರು. ಗಾಜಿನ ಒಳಗಿದ್ದ ಮಗಳು ಒಮ್ಮೆಯೂ ಇತ್ತ ನೋಡಲಿಲ್ಲ.

ಮೂರನೆಯ ಬೆಳಿಗ್ಗೆ ತಂತ್ರಜ್ಞ ತಾನೇ ಬಂದ. “ಏನೂ ಬೆಳೆದಿಲ್ಲ ಮೇಡಂ.” ಕೆಂಪೂ ಇಳಿದಿತ್ತು. ಡಾಕ್ಟರು ಮನೆಗೆ ಹೋಗಬಹುದು ಎಂದರು.

ಮಗಳು ಬಟ್ಟೆಬರೆ ಚೀಲಕ್ಕೆ ತುಂಬಿ ಬಾಗಿಲಿಗೆ ಬಂದಳು. ತಾಯಿಯ ಕಡೆ ತಿರುಗಿ, “ತಗೋ” ಎಂದು ಮಗುವನ್ನು ಮುಂದೆ ಹಿಡಿದಳು.

“ಒಂದು ನಿಮಿಷ, ಕೈ ತೊಳ್ಕೊಂಡು ಬರ್ತೀನಿ” ಎಂದು ಮೇಡಂ ತಿರುವಿನ ಆಚೆಗಿದ್ದ ಬೇಸಿನ್ನಿಗೆ ಹೋದರು. ಮಗಳು ಕಾದಳು. ನೀರಿನ ಸದ್ದು ನಿಂತಿತು, ಮತ್ತೆ ಬಂತು. ಮಗು ಆಕಳಿಸಿ ಇನ್ನೊಂದು ಮಗ್ಗುಲಿಗೆ ಮುಖ ತಿರುಗಿಸಿತು. ಅತ್ತ ನಲ್ಲಿಯ ನೀರು ಸುರಿಯುತ್ತಲೇ ಇತ್ತು.