ಮಾವನ ಎಡಮಗ್ಗುಲು

ನನ್ನ ಸೋದರಮಾವನ ಬಾಯಿಂದ ಒಂದು ದೂರು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತುಳಿದವರನ್ನೇ ‘ನೋವಾಯಿತೇ?’ ಎಂದು ವಿಚಾರಿಸುವ ಆಸಾಮಿ. ಕಾಫಿಗೆ ಅತ್ತೆ ಸಕ್ಕರೆ ಮರೆತ ದಿನವೂ ಹದವಾಗಿದೆ ಎನ್ನುತ್ತ ಲೋಟ ಬರಿದು ಮಾಡುವವರು. ಆಯುಷ್ಯವೆಲ್ಲ ದರ್ಜಿಯಾಗಿ ಪರರ ಅಳತೆಗೆ ಬದುಕಿದ ಅವರ ನಡಿಗೆಯಲ್ಲೂ ಅದೇ ಸಂಕೋಚ: ಗೋಡೆಗೆ ಒತ್ತಿಕೊಂಡು, ದಾರಿಯನ್ನು ಎದುರಿನವರಿಗೇ ಬಿಟ್ಟುಕೊಟ್ಟು, ಅರೆನಿದ್ದೆಯಲ್ಲಿರುವವರಂತೆ ಮೆಲ್ಲಮೆಲ್ಲಗೆ.

ಎದೆಬಡಿತ ಮಂದವಾಗಿ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೇ ಒರಗಿಬಿಟ್ಟರು. ಆಸ್ಪತ್ರೆಯಲ್ಲಿ ಎಡಭುಜದ ಕೆಳಗೆ, ಚರ್ಮದಡಿ, ಪೇಸ್‌ಮೇಕರ್ ಇಟ್ಟು ಕಳಿಸಿದರು. ಮನೆಗೆ ಬಂದವರೇ ತಮ್ಮ ಅಂಗಿಗಳ ಎಡಜೇಬನ್ನೆಲ್ಲ ಬಿಚ್ಚಿ ಬಲಕ್ಕೆ ಹೊಲಿದುಕೊಂಡರು. ಆಸ್ಪತ್ರೆಯ ಮಾತೆತ್ತಿದರೆ ಸಾಕು, ವರ್ಣನೆಯೇ ವರ್ಣನೆ! ಬೆಳಗಿನ ಬೆಳಕು ಬಿಳಿಯ ಹೊದಿಕೆಯ ಮೇಲೆ ಹಾಲು ಚೆಲ್ಲಿದಂತೆ ಹರಡುತ್ತಿತ್ತಂತೆ. ನರ್ಸುಗಳ ಹೆಜ್ಜೆಸಪ್ಪಳ ಕೇಳುತ್ತಲೇ ಕಣ್ಣು ಮುಚ್ಚುತ್ತಿತ್ತಂತೆ. ಹಾಗಾದರೆ ಅಲ್ಲೇ ಒಂದು ಮನೆ ಮಾಡಿಬಿಡಿ ಎಂದು ನಾನು ಛೇಡಿಸಿದರೆ ನಗುತ್ತಿದ್ದರು. ಆದರೂ ಮನುಷ್ಯ ದಿನೇದಿನೇ ಕಳೆಗುಂದುತ್ತಿದ್ದರು.

ಕಾರಣವನ್ನು ಒಂದು ದಿನ ಅತ್ತೆ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದರು. ಮದುವೆಯಾದಂದಿನಿಂದ ಅವರು ತಲೆಯಿಟ್ಟು ಮಲಗಿದ್ದು ಮಾವನ ಎಡಭುಜದ ಮೇಲೆ. ಈಗ ಯಂತ್ರ ಒತ್ತಿಹೋದೀತೆಂಬ ಭಯಕ್ಕೆ ಕಿಟಕಿಯ ಬಳಿ ಬೇರೆ ಮಂಚ ಹಾಕಿಕೊಂಡಿದ್ದರು. ಇಬ್ಬರಿಗೂ ನಿದ್ದೆಯಿಲ್ಲ. ಅತ್ತೆಗೆ ಹೆದರಿಕೆ, ಮಾವನಿಗೆ ನಾಚಿಕೆ. ಇನ್ನು ಡಾಕ್ಟರನ್ನು ಕೇಳುವವರು ಯಾರು? ನನಗೆ ಅಯ್ಯೋ ಅನಿಸಿತು.

ಮುಂದಿನ ತಪಾಸಣೆಗೆ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ಎಳೆಯ ನರ್ಸೊಬ್ಬಳು ಪಕ್ಕದಲ್ಲಿ ಕೂತು, ಇಲ್ಲಿನ ಆರೈಕೆಯಿಂದ ತೃಪ್ತಿಯಾಯಿತೇ ಎಂದು ಒಂದೊಂದಾಗಿ ಕೇಳಿದಳು. ಊಟ ಚೆನ್ನಾಗಿತ್ತು, ಕೋಣೆ ಚೆನ್ನಾಗಿತ್ತು, ಮನೆಯಲ್ಲಿ ಹೇಗಿರಬೇಕೆಂದು ವಿವರಿಸಿದ್ದೂ ಬಹಳ ಚೆನ್ನಾಗಿತ್ತು ಎಂದರು ಮಾವ. ನನಗೆ ಅವರನ್ನು ಚಿವುಟುವಷ್ಟು ಸಿಟ್ಟು ಬಂತು. ಅತ್ತೆ ಗೋಡೆಯ ಕಡೆ ತಿರುಗಿದರು. ಆ ಹುಡುಗಿ ಮಾತ್ರ ಏಳಲಿಲ್ಲ. ಏನೋ ಉಳಿದಿದೆಯೆಂದು ತೋರಿತೋ ಏನೋ, ಸುಮ್ಮನೆ ಕೂತೇ ಇದ್ದಳು.

ಮಾವನ ಕಿವಿ ಕೆಂಪಾಯಿತು. “ಒಂದೇ ಒಂದು, ತಾಯಿ,” ಎಂದು ಎಡಭುಜ ಮುಟ್ಟಿಕೊಂಡರು. “ಇವಳು ಇಲ್ಲಿ ತಲೆ ಇಟ್ಟು ಮಲಗಬಹುದಾ?”

ಅವಳು ನಗಲಿಲ್ಲ. ಗಾಯವನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿ, ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದಳು. “ಪೂರ್ತಿ ವಾಸಿಯಾಗಿದೆ ಸರ್. ಧಾರಾಳವಾಗಿ ಮಲಗಲಿ. ಇದನ್ನ ನಾವೇ ಹೇಳಬೇಕಿತ್ತು.”

ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ, ಹಾಡುಹಗಲಲ್ಲೇ ಅತ್ತೆಯ ತಲೆ ಅಲ್ಲಿಗೆ ಜಾರಿತ್ತು; ಇಬ್ಬರೂ ಗಾಢ ನಿದ್ದೆಯಲ್ಲಿದ್ದರು. ನಾನು ಊರೆಲ್ಲ ಸುತ್ತಿಸಿಕೊಂಡು ನಿಧಾನಕ್ಕೆ ಮನೆ ಸೇರಿಸಿದೆ.

ಇಂಥವರ ಸೌಜನ್ಯವನ್ನೇ ತೃಪ್ತಿಯೆಂದು ನಂಬಿ ನಾವೆಲ್ಲ ಹಾಯಾಗಿರುತ್ತೇವೆ. ಎಲ್ಲ ಚೆನ್ನಾಗಿದೆ ಎಂದು ಅವರು ಹೇಳಿ ಮುಗಿಸಿದ ಮೇಲೂ ಒಂದು ಗಳಿಗೆ ಅಲ್ಲೇ ಕೂತಿರಬೇಕು. ಅವರಿಗೆ ಬೇಕಾದದ್ದು ಬಾಯಿಗೆ ಬರುವುದು, ಸಾಮಾನ್ಯವಾಗಿ, ಕೇಳುವವರು ಎದ್ದುಹೋದ ಮೇಲೆ.